ಹೈಸ್ಕೂಲಿಗೆ ಜೀವನ ಕೌಶಲದ ಪಾಠ: ಮುಂಬಯಿಯ ಕನ್ನಡ ಶಾಲೆಗೆ ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ

ಮುಂಬಯಿಯ ಕನ್ನಡ ಮಾಧ್ಯಮದ ಹೈಸ್ಕೂಲೊಂದು ತನ್ನ 8 ಮತ್ತು 9ನೇ ತರಗತಿಯ ಮಕ್ಕಳಿಗೆ ಮೈಯಲ್ಲಾಗುವ ಬದಲಾವಣೆ, ಮುಟ್ಟು, ಸ್ನೇಹ, ಪ್ರೀತಿ, ಮೊಬೈಲು, ಗುಟ್ಕಾ, ಟೆನ್ಷನ್ನು ಇವನ್ನೆಲ್ಲ ಕ್ರಮವಾಗಿ ಹೇಳಿಕೊಡಬೇಕೆಂದು ಹೊರಟರೆ ನಾಲ್ಕು ದಾರಿಗಳಿವೆ. ಒಂದು, ಕೇಂದ್ರ ಸರ್ಕಾರದ ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮ. ಎರಡು, ಪ್ಯಾಡ್ ಕಂಪನಿಗಳು ಪುಕ್ಕಟೆಯಾಗಿ ನಡೆಸುವ ಒಂದು ಗಂಟೆಯ ಪಾಠ. ಮೂರು, ಹಣ ಕೊಟ್ಟು ಕರೆಸುವ ಖಾಸಗಿ ಸಂಸ್ಥೆಗಳ ಪ್ಯಾಕೇಜು. ನಾಲ್ಕು, ಕನ್ನಡ ಸಂಘದವರು ವರ್ಷಕ್ಕೊಮ್ಮೆ ಏರ್ಪಡಿಸುವ ಡಾಕ್ಟರ ಉಪನ್ಯಾಸ. ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಸರ್ಕಾರದ ಪುಸ್ತಕವನ್ನೇ ತೆಗೆದುಕೊಂಡು, ಅದರ ಕ್ರಮವನ್ನು ಬದಲಿಸಿ, ಶಾಲೆಯ ಇಬ್ಬರು ಶಿಕ್ಷಕರೇ ಮಕ್ಕಳ ಕನ್ನಡದಲ್ಲಿ ನಡೆಸಿದರೆ ಉಳಿದ ಮೂರೂ ಅದರ ಹತ್ತಿರ ಬರುವುದಿಲ್ಲ. ಬದಲಿಸದೆ ನಡೆಸಿದರೆ ಮಾತ್ರ ಅದು ಫೈಲಿನಲ್ಲಿ ಕೂತಿರುತ್ತದೆ.

ಡಾಕ್ಟರ ಉಪನ್ಯಾಸವನ್ನು ಬೇಗ ಮುಗಿಸಿಬಿಡೋಣ. ಸಭಾಂಗಣದಲ್ಲಿ ಮುನ್ನೂರು ಮಕ್ಕಳು, ಮುಂದಿನ ಸಾಲಿನಲ್ಲಿ ಸಂಘದ ಪದಾಧಿಕಾರಿಗಳು, ಹೂಗುಚ್ಛ, ಶಾಲು, ನಲವತ್ತು ನಿಮಿಷ ಸ್ಲೈಡು. ಕೊನೆಗೆ ‘ಪ್ರಶ್ನೆ ಇದ್ದರೆ ಕೇಳಿ’ ಎಂದಾಗ ಎದ್ದು ನಿಲ್ಲುವುದು ಒಬ್ಬನೇ ಹುಡುಗ, ಅವನು ಕೇಳುವುದು ಡಾಕ್ಟರಾಗಲು ಏನು ಓದಬೇಕು ಎಂದು. ಡಾಕ್ಟರ ತಪ್ಪೇನಿಲ್ಲ. ಮುನ್ನೂರು ಜನರ ಮುಂದೆ ಸ್ವಪ್ನಸ್ಖಲನದ ಬಗ್ಗೆ ಕೇಳುವ ಎದೆಗಾರಿಕೆ ದೊಡ್ಡವರಿಗೂ ಇಲ್ಲ. ಡಾಕ್ಟರನ್ನು ಕರೆಸಲೇಬೇಕೆಂದಿದ್ದರೆ ವರ್ಷದ ಕೊನೆಗೆ, ಒಂದೊಂದೇ ತರಗತಿಗೆ, ಮಕ್ಕಳು ಮೊದಲೇ ಬರೆದುಕೊಟ್ಟ ಪ್ರಶ್ನೆಗಳ ಪಟ್ಟಿಯನ್ನು ಕೈಗಿಟ್ಟು ಕರೆಸಬೇಕು.

ಪ್ಯಾಡ್ ಕಂಪನಿಗಳ ಪಾಠಕ್ಕೆ ಒಂದು ಗುಣವಿದೆ: ಬರುವವರು ಬಾಯಿಬಿಟ್ಟು ಮಾತಾಡುತ್ತಾರೆ, ಸಾಮಾನು ತರುತ್ತಾರೆ, ಹುಡುಗಿಯರ ಕೈಗೆ ಒಂದು ಪೊಟ್ಟಣ ಸಿಗುತ್ತದೆ. ದೋಷ ಮೂರು. ಹುಡುಗರನ್ನು ಮೈದಾನಕ್ಕೆ ಕಳಿಸಿಬಿಡುತ್ತಾರೆ. ಹಾಗಾಗಿ ಒಳಗೆ ಏನೋ ಗುಟ್ಟು ನಡೆಯಿತೆಂಬ ಗುಸುಗುಸು ಮಾತ್ರ ಅವರಿಗೆ ಉಳಿಯುತ್ತದೆ. ಪ್ಯಾಡಿನ ಮೇಲೆ ನೀಲಿ ನೀರು ಸುರಿದು ಹೀರಿಸಿ ತೋರಿಸುವುದರಲ್ಲಿ ಅರ್ಧ ಹೊತ್ತು ಹೋಗುತ್ತದೆ. ಬಟ್ಟೆಯ ಪ್ಯಾಡು, ಮುಟ್ಟಿನ ಕಪ್ ಇವುಗಳ ಮಾತೇ ಬರುವುದಿಲ್ಲ, ಬಂದರೂ ಹೆದರಿಸುವ ದನಿಯಲ್ಲಿ. ಕರೆಸಿದರೂ ಚಿಂತೆಯಿಲ್ಲ, ಆದರೆ ಅದೇ ವಾರ ಶಾಲೆಯ ಶಿಕ್ಷಕಿ ಉಳಿದದ್ದನ್ನು ತುಂಬಬೇಕು. ಹೇಗೆ ಎಂಬುದು ಮುಂದೆ ಬರುತ್ತದೆ.

ಇನ್ನು ಖಾಸಗಿ ಪ್ಯಾಕೇಜು. ನಾಲ್ಕರಿಂದ ಎಂಟು ತರಗತಿ, ಬಣ್ಣದ ವರ್ಕ್‌ಶೀಟು, ಕೊನೆಗೆ ಪ್ರಮಾಣಪತ್ರ. ಇವುಗಳಲ್ಲಿ ಕೆಲವು ನಿಜಕ್ಕೂ ಚೆನ್ನಾಗಿವೆ; ತರಬೇತಾದ ಯುವಕ-ಯುವತಿಯರು ಮಕ್ಕಳೊಡನೆ ಸಲೀಸಾಗಿ ಬೆರೆಯುತ್ತಾರೆ. ಆದರೆ ಅವರು ನಡೆಸುವುದು ಹಿಂದಿ ಅಥವಾ ಇಂಗ್ಲಿಷಿನಲ್ಲಿ. ಮುಂಬಯಿಯ ಕನ್ನಡ ಮಕ್ಕಳಿಗೆ ಹಿಂದಿ ಬರುತ್ತದಲ್ಲ ಎನ್ನಬಹುದು. ಬರುತ್ತದೆ, ಬೀದಿಯ ಹಿಂದಿ. ಆ ಹಿಂದಿಯಲ್ಲಿ ಮೈಯ ಗುಪ್ತಾಂಗಗಳಿಗೆ ಇರುವುದೆಲ್ಲ ಬೈಗುಳದ ಪದಗಳೇ. ಹಾಗಾಗಿ ಪಾಠ ಶುರುವಾಗುತ್ತಲೇ ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ಶುರುವಾಗುತ್ತದೆ.

ಪ್ಯಾಕೇಜು ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆಗಳು ದರಕ್ಕಿಂತ ಮುಖ್ಯ. ಒಂದು ತಂಡದಲ್ಲಿ ಎಷ್ಟು ಮಕ್ಕಳು? 40ಕ್ಕಿಂತ ಹೆಚ್ಚೆಂದರೆ ಬೇಡ ಅನ್ನಿ. ತರಗತಿ ಶಿಕ್ಷಕರು ಒಳಗೆ ಇರಬಹುದೆ? ‘ಮಕ್ಕಳು ಮುಕ್ತವಾಗಿ ಮಾತಾಡುವುದಿಲ್ಲ’ ಎಂದು ಶಿಕ್ಷಕರನ್ನು ಹೊರಗಿಡುವ ಸಂಸ್ಥೆಯಿಂದ ಶಾಲೆ ಕಲಿಯುವುದೇನೂ ಇರುವುದಿಲ್ಲ, ಅವರು ಹೋದ ಮೇಲೆ ಎಲ್ಲವೂ ಮೊದಲಿನ ಹಾಗೆ. ಮಗುವೊಂದು ತನ್ನ ಮೇಲಾದ ದೌರ್ಜನ್ಯವನ್ನು ಹೇಳಿಕೊಂಡರೆ ನಿಮ್ಮ ಕ್ರಮವೇನು, ಅದನ್ನು ಬರೆದು ಕೊಡುತ್ತೀರಾ? ಇದಕ್ಕೆ ತಡವರಿಸಿದರೆ ಮಾತು ಅಲ್ಲಿಗೇ ನಿಲ್ಲಿಸಬೇಕು. ಇನ್ನು ಅವರು ಹೆಮ್ಮೆಯಿಂದ ತೋರಿಸುವ ‘ಮೊದಲು–ನಂತರ’ ಪರೀಕ್ಷೆ. ಸರಿ–ತಪ್ಪು ಮಾದರಿಯ ಹತ್ತು ಪ್ರಶ್ನೆ, ಪಾಠಕ್ಕೆ ಮುಂಚೆ ಒಮ್ಮೆ, ಮುಗಿದ ಗಳಿಗೆಯಲ್ಲಿ ಇನ್ನೊಮ್ಮೆ. ಈಗಷ್ಟೇ ಕೇಳಿದ್ದು ನೆನಪಿದೆ ಎಂಬುದನ್ನು ಬಿಟ್ಟು ಅದು ಬೇರೇನನ್ನೂ ಅಳೆಯುವುದಿಲ್ಲ. ಮೂರು ತಿಂಗಳಾದ ಮೇಲೆ ಹೆಸರು ಬರೆಯದ ಚೀಟಿಯಲ್ಲಿ ‘ತೊಂದರೆಯಾದರೆ ಈ ಶಾಲೆಯಲ್ಲಿ ಯಾರ ಹತ್ತಿರ ಹೋಗುತ್ತೀಯ?’ ಎಂದು ಕೇಳಿ ನೋಡಿ. ಅಲ್ಲಿ ಯಾವುದಾದರೂ ದೊಡ್ಡವರ ಹೆಸರು ಬಂದರೆ ಪಾಠ ನಾಟಿದೆ.

ಈಗ ಮುಖ್ಯ ಸರಕಿಗೆ ಬರೋಣ.

ಸರ್ಕಾರದ 11 ಪಾಠಗಳು

ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮ ಆಯುಷ್ಮಾನ್ ಭಾರತದ ಅಡಿಯಲ್ಲಿ 2020ರ ಫೆಬ್ರವರಿಯಲ್ಲಿ ಶುರುವಾಯಿತು. ಪುಸ್ತಕ ತಯಾರಿಸಿದ್ದು ಎನ್‌ಸಿಇಆರ್‌ಟಿ. ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರು, ಆದಷ್ಟೂ ಒಬ್ಬ ಗಂಡಸು ಒಬ್ಬ ಹೆಂಗಸು, ‘ಆರೋಗ್ಯ ಮತ್ತು ಕ್ಷೇಮ ರಾಯಭಾರಿ’ಗಳಾಗಬೇಕು; ವಾರಕ್ಕೆ ಒಂದು ಗಂಟೆಯಂತೆ 24 ವಾರ ಪಾಠ ನಡೆಯಬೇಕು. ವಿಷಯಗಳು 11: ಆರೋಗ್ಯವಾಗಿ ಬೆಳೆಯುವುದು, ಭಾವನೆ ಮತ್ತು ಮನಸ್ಸಿನ ಆರೋಗ್ಯ, ಒಬ್ಬರಿಗೊಬ್ಬರ ಸಂಬಂಧ, ಮೌಲ್ಯ ಮತ್ತು ಪೌರ ಜವಾಬ್ದಾರಿ, ಗಂಡು–ಹೆಣ್ಣಿನ ಸಮಾನತೆ, ಆಹಾರ–ಆರೋಗ್ಯ–ನೈರ್ಮಲ್ಯ, ಮಾದಕ ವಸ್ತುಗಳಿಂದ ದೂರ ಇರುವುದು, ಆರೋಗ್ಯಕರ ಜೀವನಕ್ರಮ, ಪ್ರಜನನ ಆರೋಗ್ಯ ಮತ್ತು ಎಚ್‌ಐವಿ, ಹಿಂಸೆ ಮತ್ತು ಅಪಘಾತದಿಂದ ರಕ್ಷಣೆ, ಇಂಟರ್‌ನೆಟ್ಟು ಮತ್ತು ಮೊಬೈಲುಗಳ ಸುರಕ್ಷಿತ ಬಳಕೆ. ಇವೆಲ್ಲದರ ಕೆಳಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಹತ್ತು ಜೀವನ ಕೌಶಲಗಳ ಪಾಯ ಇದೆ.

ಸರಕು ಗಟ್ಟಿಯಾದದ್ದೇ. ಭಾಷಣ ಕಡಿಮೆ, ಚಟುವಟಿಕೆ ಹೆಚ್ಚು. ತರಬೇತಿಯ ಸರದಿ ಶಾಲೆಗೆ ಬರಲಿ ಬಿಡಲಿ, ಪುಸ್ತಕವನ್ನು ಜಾಲತಾಣದಿಂದ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಈ ದೇಶದಲ್ಲಿ ಇಷ್ಟಾದರೂ ಆಗಿದೆ ಎಂಬುದೇ ಸಣ್ಣ ಮಾತಲ್ಲ: 2005ರಲ್ಲಿ ಬಂದ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ 2007ರಲ್ಲಿ ಮಹಾರಾಷ್ಟ್ರವೂ ಕರ್ನಾಟಕವೂ ಬಾಗಿಲು ಹಾಕಿದ್ದವು. ಮುಂಬಯಿ ಕನ್ನಡಿಗನಿಗೆ ತವರಿನಲ್ಲೂ ಇಲ್ಲ, ಇಲ್ಲಿಯೂ ಇಲ್ಲ ಎಂಬಂಥ ಸ್ಥಿತಿ.

ದೋಷ ಇರುವುದು ಕ್ರಮದಲ್ಲಿ. ಪ್ರಜನನ ಆರೋಗ್ಯ ಒಂಬತ್ತನೆಯದು, ಸುರಕ್ಷತೆ ಹತ್ತನೆಯದು, ಮೊಬೈಲು ಹನ್ನೊಂದನೆಯದು. ಮಹಾರಾಷ್ಟ್ರದ ಶಾಲೆ ಶುರುವಾಗುವುದು ಜೂನ್ ನಡುವಿನಲ್ಲಿ. ಮಳೆಯ ರಜೆ, ಗಣಪತಿ, ಘಟಕ ಪರೀಕ್ಷೆ, ದೀಪಾವಳಿ ರಜೆ ಎಲ್ಲ ಕಳೆದು ಲೆಕ್ಕ ಹಾಕಿದರೆ ಒಂಬತ್ತನೆಯ ಪಾಠ ಬಂದು ನಿಲ್ಲುವುದು ಜನವರಿ–ಫೆಬ್ರವರಿಗೆ. ಅಷ್ಟರಲ್ಲಿ ಎಸ್‌ಎಸ್‌ಸಿಯ ಪೂರ್ವಪರೀಕ್ಷೆ, ಸ್ನೇಹಸಮ್ಮೇಳನ, ಪಾಠ ಮುಗಿಸುವ ಧಾವಂತ. ಶಿಕ್ಷಕರಿಗೆ ಹೇಗೂ ಮುಜುಗರವಿದ್ದ ಪಾಠ ‘ವೇಳೆ ಸಾಲಲಿಲ್ಲ’ ಎಂಬ ನೆಪದಲ್ಲಿ ಕಳಚಿ ಬೀಳುತ್ತದೆ. ಯಾರೂ ಬೇಕೆಂದು ಬಿಟ್ಟದ್ದಲ್ಲ, ಪಂಚಾಂಗವೇ ಬಿಡಿಸಿತು ಎಂದು ಹೇಳಲು ಎಲ್ಲರಿಗೂ ಅನುಕೂಲ.

ಆದ್ದರಿಂದ ಕ್ರಮ ಬದಲಿಸಬೇಕು. ಮೊದಲ ನಾಲ್ಕು ವಾರ ಸಂಬಂಧ ಮತ್ತು ಭಾವನೆಗಳು. ಆ ಹೊತ್ತಿಗೆ ತರಗತಿಗೆ ಮಾತಾಡಿ ಅಭ್ಯಾಸವಾಗಿರುತ್ತದೆ. ಐದನೆಯ ವಾರದಿಂದ ಮೈಯ ಬದಲಾವಣೆ ಮತ್ತು ಪ್ರಜನನ ಆರೋಗ್ಯ, ಅದರ ಬೆನ್ನಿಗೇ ಸುರಕ್ಷತೆ. ಗಣಪತಿಯ ಹೊತ್ತಿಗೆ ಕಷ್ಟದ ಪಾಠಗಳು ಮುಗಿದಿರಬೇಕು. ಮೊಬೈಲಿನ ಪಾಠ ದೀಪಾವಳಿ ರಜೆಗೆ ಮುಂಚಿನ ವಾರ, ಯಾಕೆಂದರೆ ರಜೆಯಲ್ಲಿ ಅದೇ ಕೈಯಲ್ಲಿರುತ್ತದೆ. ಆಹಾರ, ನೈರ್ಮಲ್ಯ, ಪೌರ ಜವಾಬ್ದಾರಿಗಳನ್ನು ಕೊನೆಗಿಟ್ಟರೆ ನಷ್ಟವಿಲ್ಲ. ಅವು ಹೇಗೂ ಬೇರೆ ಪಠ್ಯಗಳಲ್ಲಿ ಬರುತ್ತವೆ. 10ನೇ ತರಗತಿಯನ್ನು ಇದಕ್ಕೆ ಎಳೆಯುವುದು ವ್ಯರ್ಥ, ಅವರ ವೇಳಾಪಟ್ಟಿಯಲ್ಲಿ ಉಸಿರಾಡಲೂ ಜಾಗವಿಲ್ಲ. ಅವರಿಗೆ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿಯ ವಿಜ್ಞಾನ ಮತ್ತು ತಂತ್ರಜ್ಞಾನ ಭಾಗ 2ರಲ್ಲೇ ಎರಡು ಅಧ್ಯಾಯಗಳಿವೆ: ಮೂರನೆಯದರಲ್ಲಿ ಪ್ರಜನನ, ಋತುಚಕ್ರ, ಲೈಂಗಿಕ ರೋಗಗಳು, ಒಂಬತ್ತನೆಯದರಲ್ಲಿ ಸಾಮಾಜಿಕ ಆರೋಗ್ಯ, ಅಂದರೆ ಒತ್ತಡ, ವ್ಯಸನ, ಸೈಬರ್ ಅಪರಾಧ. ಕನ್ನಡ ಮಾಧ್ಯಮದ ಪುಸ್ತಕವೂ ಇದೆ. ಮೂರನೆಯ ಅಧ್ಯಾಯವನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಹಾರಿಸದೆ ಪಾಠ ಮಾಡಿದರೂ ಸಾಕು.

ಎರಡನೆಯ ತೊಡಕು ವೇಳೆಯದು. ಪುಸ್ತಕ ಕೇಳುವುದು ಒಂದು ಗಂಟೆ, ಶಾಲೆಯಲ್ಲಿ ಇರುವುದು 35 ನಿಮಿಷದ ಪಿರಿಯಡ್ಡು. ಹಾಜರಿ, ಬೆಂಚು ತಿರುಗಿಸುವುದು ಎಲ್ಲ ಕಳೆದರೆ 28 ನಿಮಿಷ. ಆಗ ಏನಾಗುತ್ತದೆ? ಚಟುವಟಿಕೆ ನಡೆಯುತ್ತದೆ, ಅದರ ಮೇಲಿನ ಚರ್ಚೆ ಬಿಟ್ಟುಹೋಗುತ್ತದೆ. ಮಕ್ಕಳಿಗೆ ಆಟ ಆಡಿದ್ದು ನೆನಪಿರುತ್ತದೆ, ಯಾಕೆ ಆಡಿದ್ದು ಎಂಬುದು ತಿಳಿದಿರುವುದಿಲ್ಲ. ಪ್ರತಿ ವಾರ ಒಂದು ಪಿರಿಯಡ್ಡಿನ ಬದಲು ಎರಡು ವಾರಕ್ಕೊಮ್ಮೆ ಒಟ್ಟಿಗೆ ಎರಡು ಪಿರಿಯಡ್ಡು ತೆಗೆದುಕೊಂಡರೆ 70 ನಿಮಿಷ ಸಿಗುತ್ತದೆ. ವರ್ಷಕ್ಕೆ 12 ಪಾಠ. 24 ಅರೆಬರೆ ಪಾಠಕ್ಕಿಂತ ಈ 12 ವಾಸಿ. ಪಿ.ಟಿ. ಪಿರಿಯಡ್ಡನ್ನು ಮಾತ್ರ ಕಿತ್ತುಕೊಳ್ಳಬೇಡಿ. ಆಟ ಕಳೆದುಕೊಂಡ ಸಿಟ್ಟಿನಲ್ಲಿ ಬಂದ ಹುಡುಗರಿಗೆ ಸಹನೆಯ ಪಾಠ ಹತ್ತುವುದಿಲ್ಲ.

ಯಾವ ಕನ್ನಡದಲ್ಲಿ?

ಮುಂಬಯಿಯ ಕನ್ನಡ ಶಾಲೆಗೆ ದೊಡ್ಡ ಸವಾಲು ಇದೇ. ಪುಸ್ತಕ ಇಂಗ್ಲಿಷ್ ಅಥವಾ ಹಿಂದಿಯಲ್ಲಿ, ಸರ್ಕಾರದ ತರಬೇತಿ ಮರಾಠಿಯಲ್ಲಿ, ಪಾಠ ಕನ್ನಡದಲ್ಲಿ. ಕೂತ ಮಕ್ಕಳಲ್ಲಿ ಕೆಲವರ ಮನೆಮಾತು ತುಳು, ಕೆಲವರದು ಕುಂದಾಪುರದ ಕನ್ನಡ, ಬಹಳಷ್ಟು ಮಕ್ಕಳದು ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯ ಮಾತು. ಪುಸ್ತಕದ ಪದವನ್ನು ಪದಕೋಶ ನೋಡಿ ಕನ್ನಡಕ್ಕಿಳಿಸಿದರೆ ಅದು ಯಾರ ಮನೆಯ ಮಾತೂ ಆಗುವುದಿಲ್ಲ.

ಮೊದಲ ಪಾಠದಲ್ಲೇ ಒಂದು ಪದಪಟ್ಟಿ ಮಾಡಿಕೊಳ್ಳುವುದು ಪರಿಹಾರ. ಬೋರ್ಡಿನಲ್ಲಿ ಮೂರು ಕಂಬ: ಮನೆಯಲ್ಲಿ ಅನ್ನುವುದು, ಬೀದಿಯಲ್ಲಿ ಅನ್ನುವುದು, ಡಾಕ್ಟರ ಹತ್ತಿರ ಹೇಳುವುದು. ಮುಟ್ಟಿಗೆ ಮನೆಯಲ್ಲಿ ‘ಹೊರಗಾಗುವುದು’, ‘ದೂರ ಕೂರುವುದು’. ನೆರೆಮನೆಯ ಮರಾಠಿಯಲ್ಲಿ ‘ಪಾಳಿ’. ಹುಡುಗಿಯರ ನಡುವೆ ‘ಡೇಟು’. ಡಾಕ್ಟರಿಗೆ ಹೇಳುವಾಗ ‘ಮುಟ್ಟು’ ಅಥವಾ ‘ಪಿರಿಯಡ್’. ಬೀದಿಯ ಕಂಬವನ್ನು ಶಿಕ್ಷಕರು ಬರೆಯಬೇಕಿಲ್ಲ, ‘ಇದು ನಿಮಗೆ ಗೊತ್ತಿದೆ, ಇಲ್ಲಿ ಬೇಡ’ ಎಂದು ಖಾಲಿ ಬಿಟ್ಟರೆ ಎಲ್ಲರೂ ಒಮ್ಮೆ ನಕ್ಕು ನಗು ಮುಗಿಯುತ್ತದೆ. ಮುಂದೆ ವರ್ಷವಿಡೀ ಬಳಸುವುದು ಮೂರನೆಯ ಕಂಬದ ಪದಗಳನ್ನು: ಯೋನಿ, ಶಿಶ್ನ, ವೃಷಣ, ಗರ್ಭಕೋಶ, ಅಂಡಾಶಯ, ಸ್ತನ. ಈ ಪದಗಳನ್ನು ಶಿಕ್ಷಕರು ಮನೆಯಲ್ಲಿ ಹತ್ತು ಸಲ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಂಡೇ ಬರಬೇಕು. ಶಿಕ್ಷಕರ ದನಿ ಆ ಪದದ ಹತ್ತಿರ ಬಂದಾಗ ಇಳಿದರೆ ಇಡೀ ತರಗತಿಗೆ ಅದು ನಾಚಿಕೆಯ ಪದವೆಂದು ಅರ್ಥವಾಗಿಬಿಡುತ್ತದೆ.

ಭಾವನೆಯ ಪದಗಳು ಇನ್ನೂ ತೊಡಕಿನವು. ಹತ್ತು ಜೀವನ ಕೌಶಲಗಳಲ್ಲಿ ‘ಎಂಪಥಿ’ ಒಂದು. ಅದನ್ನು ‘ಅನುಕಂಪ’ ಎಂದರೆ ಅಯ್ಯೋ ಪಾಪ ಎನ್ನುವುದೆಂದು ಮಕ್ಕಳು ತಿಳಿಯುತ್ತಾರೆ, ಅದು ಉಲ್ಟಾ ಅರ್ಥ. ‘ಅವರ ಜಾಗದಲ್ಲಿ ನಿಂತು ನೋಡುವುದು’ ಎಂದು ಬಿಡಿಸಿ ಹೇಳಿದರೆ ಒಂದೇ ಉಸಿರಿಗೆ ತಿಳಿಯುತ್ತದೆ. ‘ಸಮ್ಮತಿ’ ಬೇಡ, ‘ಒಪ್ಪಿಗೆ’ ಸಾಕು. ಜೊತೆಗೆ ಒಂದು ಮಾತು ಸೇರಿಸಿ, ‘ಸುಮ್ಮನಿದ್ದರೆ ಒಪ್ಪಿದ ಹಾಗಲ್ಲ.’ ಮೌನಂ ಸಮ್ಮತಿ ಲಕ್ಷಣಂ ಎಂದು ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿಯೇ ಹೇಳಬೇಕು. ‘ಒತ್ತಡ’ ಎಂದರೆ ವಿಜ್ಞಾನದ ಪಾಠ ನೆನಪಾಗುತ್ತದೆ, ‘ಟೆನ್ಷನ್’ ಎಂದರೆ ಎಲ್ಲರಿಗೂ ಗೊತ್ತು.

ಪಾತ್ರಾಭಿನಯದಲ್ಲೂ ಇದೇ ಗತಿ. ಅನುವಾದವಾದ ಪಾಠದಲ್ಲಿ ಹುಡುಗ ‘ಇಲ್ಲ, ಧನ್ಯವಾದಗಳು, ನಾನು ಧೂಮಪಾನ ಮಾಡುವುದಿಲ್ಲ’ ಎನ್ನುತ್ತಾನೆ. ಮುಂಬಯಿಯ ಯಾವ ಚಾಳಿನಲ್ಲಿ ಯಾವ ಹುಡುಗ ಹೀಗೆ ಮಾತಾಡಿದ್ದಾನೆ? ‘ಬೇಡ ಮಾರಾಯ, ನಂಗೆ ಅದು ಆಗಿಬರೋದಿಲ್ಲ, ನಡಿ ಆಟಕ್ಕೆ ಹೋಗುವ’ ಅನ್ನಲಿ. ಬೇಡ ಎನ್ನುವುದು, ಒಂದೇ ಚಿಕ್ಕ ಕಾರಣ, ಆಮೇಲೆ ಅಲ್ಲಿಂದ ಕಾಲ್ತೆಗೆಯುವುದು: ಈ ಮೂರು ಹೆಜ್ಜೆ ಅದರಲ್ಲೇ ಇವೆ. ಕಾರಣ ಉದ್ದವಾದಷ್ಟೂ ಎದುರಿನವನು ಅದನ್ನು ಕತ್ತರಿಸುತ್ತಾನೆ, ಆದ್ದರಿಂದ ಒಂದೇ ಸಾಕು. ವಸ್ತುಗಳೂ ಇಲ್ಲಿನವೇ ಆಗಬೇಕು. ಕೊಕೇನಿನ ಚಿತ್ರ ತೋರಿಸಿ ಪ್ರಯೋಜನವಿಲ್ಲ. ಅಡಕೆ-ತಂಬಾಕಿನ ಮಾವಾ, ಗುಟ್ಕಾ, ಹಲ್ಲುಜ್ಜುವ ತಂಬಾಕುಪುಡಿ ಮಿಶ್ರಿ, ವೈಟ್ನರ್ ಮೂಸುವುದು, ಇ-ಸಿಗರೇಟು ಇವು ಮಕ್ಕಳ ಕಣ್ಣ ಮುಂದಿರುವವು. ಮಹಾರಾಷ್ಟ್ರದಲ್ಲಿ ಗುಟ್ಕಾಕ್ಕೆ 2012ರಿಂದ ನಿಷೇಧ, ಇ-ಸಿಗರೇಟಿಗೆ 2019ರಿಂದ ದೇಶದಲ್ಲೇ ನಿಷೇಧ, ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ಈ ಮೂರು ಸಂಗತಿ ಹೇಳಿ, ಮಕ್ಕಳಿಂದಲೇ ಶಾಲೆಯ ಸುತ್ತಲಿನ ನಕ್ಷೆ ಬರೆಸಿ, ಅಂಗಡಿಗಳಿಗೆ ಚುಕ್ಕೆ ಇಡಿಸಿದರೆ ಒಂದು ಒಳ್ಳೆಯ ಪಾಠವಾಗುತ್ತದೆ. ಅಂಗಡಿಯವನನ್ನು ಮಕ್ಕಳೇ ಹೋಗಿ ಪ್ರಶ್ನಿಸುವುದು ಮಾತ್ರ ಬೇಡ.

ಪದಗಳಿಗೆ, ಸನ್ನಿವೇಶಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ತಯಾರಿಸಿದ ಹೈಸ್ಕೂಲು ಶಿಕ್ಷಕರ ಜೀವನ ಕೌಶಲ ಕೈಪಿಡಿಗಳನ್ನು ಪಕ್ಕದಲ್ಲಿಟ್ಟುಕೊಳ್ಳಬಹುದು. ಕರ್ನಾಟಕದ ಶಾಲೆಗಳನ್ನು ಕಣ್ಣ ಮುಂದಿಟ್ಟುಕೊಂಡದ್ದರಿಂದ ಮನೆ, ಊರು, ಬಸ್ಸನ್ನು ಚಾಳು, ಲೋಕಲ್ ಟ್ರೈನು ಮಾಡಿಕೊಳ್ಳಬೇಕು, ಅಷ್ಟೆ.

ಪ್ರಶ್ನೆ ಪೆಟ್ಟಿಗೆ

ಇಡೀ ಕಾರ್ಯಕ್ರಮದಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ಇದನ್ನು. ಬೇಕಾಗುವುದು ಒಂದು ಶೂ ಡಬ್ಬ, ಮುಚ್ಚಳಕ್ಕೆ ಟೇಪು, ಎರಡು ಬೆರಳಗಲದ ಸೀಳು. ಗೋಡೆಗೆ ತೂಗುಹಾಕಿ ‘ಪ್ರಶ್ನೆ ಇದ್ದವರು ಹಾಕಿ’ ಎಂದರೆ ಅದು ಖಾಲಿಯೇ ಉಳಿಯುತ್ತದೆ, ಯಾಕೆಂದರೆ ಹಾಕಲು ಹೋದವನನ್ನು ಎಲ್ಲರೂ ನೋಡುತ್ತಾರೆ. ಪಾಠದ ಕೊನೆಯ ಐದು ನಿಮಿಷದಲ್ಲಿ ಎಲ್ಲರಿಗೂ ಒಂದೇ ಅಳತೆಯ ಚೀಟಿ ಕೊಡಬೇಕು. ಎ4 ಹಾಳೆಯನ್ನು ಎಂಟು ಮಾಡಿದರೆ ಸರಿಯಾದ ಗಾತ್ರ. ಪ್ರಶ್ನೆ ಇದ್ದವರು ಪ್ರಶ್ನೆ ಬರೆಯಲಿ, ಇಲ್ಲದವರು ‘ಇವತ್ತಿನ ಪಾಠದಲ್ಲಿ ಇಷ್ಟವಾದದ್ದು’ ಬರೆಯಲಿ. ಎಲ್ಲರ ಪೆನ್ನೂ ಓಡುತ್ತಿರಬೇಕು. ಪೆಟ್ಟಿಗೆ ಬೆಂಚಿನಿಂದ ಬೆಂಚಿಗೆ ಹೋಗಬೇಕು, ಮಕ್ಕಳು ಎದ್ದು ಬರಬಾರದು.

ಚೀಟಿಗಳಿಗೆ ಅಂದೇ ಉತ್ತರ ಹೇಳಬಾರದು. ಮನೆಗೆ ಒಯ್ದು ನಾಲ್ಕು ಗುಂಪು ಮಾಡಿ: ಮಾಹಿತಿ ಕೇಳಿದವು, ‘ನಾನು ಸರಿ ಇದ್ದೇನೆಯೇ’ ಎಂದು ಕೇಳಿದವು, ಕೀಟಲೆ ಮಾಡಿದವು, ಸಹಾಯ ಬೇಡಿದವು. ಎರಡನೆಯ ಗುಂಪೇ ದೊಡ್ಡದು. ನನಗಿನ್ನೂ ಮೀಸೆ ಬಂದಿಲ್ಲ, ನನ್ನ ಒಂದು ಸ್ತನ ಚಿಕ್ಕದು, ರಾತ್ರಿ ಬಟ್ಟೆ ಒದ್ದೆಯಾಗುತ್ತದೆ ಇದು ರೋಗವೇ, ಮುಟ್ಟು ಎರಡು ತಿಂಗಳು ತಪ್ಪಿದೆ. ಇವುಗಳಿಗೆ ಅಂಕಿಯೊಂದಿಗೆ ಉತ್ತರ ಕೊಟ್ಟರೆ ಮಕ್ಕಳ ಮುಖದ ಮೇಲಿನ ಭಾರ ಇಳಿಯುವುದು ಕಾಣುತ್ತದೆ. ಮೈ ಬದಲಾಗತೊಡಗುವುದು ಹುಡುಗಿಯರಲ್ಲಿ 8ರಿಂದ 13, ಹುಡುಗರಲ್ಲಿ 9ರಿಂದ 14 ವರ್ಷದ ನಡುವೆ ಯಾವಾಗ ಬೇಕಾದರೂ. ಮುಟ್ಟು ಶುರುವಾದ ಮೊದಲ ಒಂದೆರಡು ವರ್ಷ 21ರಿಂದ 45 ದಿನದ ಅಂತರ ಮಾಮೂಲು. ಏಳು ದಿನಕ್ಕಿಂತ ಹೆಚ್ಚು ಹೋದರೆ, ಒಂದೆರಡು ಗಂಟೆಗೇ ಪ್ಯಾಡು ತುಂಬಿದರೆ, ಮೂರು ತಿಂಗಳು ಬರದೇ ಹೋದರೆ, 15 ತುಂಬಿದರೂ ಶುರುವೇ ಆಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ಸ್ವಪ್ನಸ್ಖಲನ, ಹಸ್ತಮೈಥುನ ಎರಡರಿಂದಲೂ ಶಕ್ತಿ ಹೋಗುವುದಿಲ್ಲ. ರೈಲ್ವೆ ಹಳಿಯ ಪಕ್ಕದ ಗೋಡೆಗಳ ಮೇಲೆ ‘ಗುಪ್ತರೋಗ’ದ ಜಾಹೀರಾತು ಓದಿ ಬೆಳೆದ ಹುಡುಗರಿಗೆ ಇದನ್ನು ಎರಡು ಸಲ ಹೇಳಬೇಕು.

ಕೀಟಲೆಯ ಚೀಟಿಯನ್ನು ಹರಿದು ಎಸೆಯಬೇಡಿ. ಅದರಲ್ಲೂ ಒಂದು ಪ್ರಶ್ನೆ ಅಡಗಿರುತ್ತದೆ, ಅದನ್ನು ಡಾಕ್ಟರ ಮಾತಿಗೆ ತಿರುಗಿಸಿ ಉತ್ತರಿಸಿದರೆ ಮುಂದಿನ ವಾರ ಕೀಟಲೆ ಕಡಿಮೆಯಾಗುತ್ತದೆ. ಅಕ್ಷರ ನೋಡಿ ಯಾರದೆಂದು ಗೊತ್ತಾದರೂ ಗೊತ್ತಿಲ್ಲದಂತೆ ಇರಬೇಕು. ಒಂದು ಸಲ ‘ಇದು ಬರೆದವನು ನೀನೇ ಅಲ್ವಾ’ ಎಂದರೆ ಪೆಟ್ಟಿಗೆ ಸತ್ತಿತು.

ನಾಲ್ಕನೆಯ ಗುಂಪು ಬೇರೆಯೇ. ಚೀಟಿಯಲ್ಲಾಗಲಿ, ಬಾಯಲ್ಲಾಗಲಿ ಮಗು ತನ್ನ ಮೇಲಿನ ಲೈಂಗಿಕ ದೌರ್ಜನ್ಯದ ಸುಳಿವು ಕೊಟ್ಟರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮು ಪೊಲೀಸರಿಗೆ ತಿಳಿಸುವುದನ್ನು ಕಡ್ಡಾಯ ಮಾಡಿದೆ. ತಿಳಿಸದಿದ್ದರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಶಿಕ್ಷೆ. ಮಗುವಿಗೆ ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬಾರದು. ‘ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳುತ್ತೇನೆ’ ಎನ್ನಬೇಕು. ಕೆದಕಿ ಕೆದಕಿ ಕೇಳಬಾರದು, ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ತಾರೀಕು, ವೇಳೆ ಹಾಕಿ ಬರೆದಿಡಬೇಕು, ಆರೋಪ ಬಂದವರನ್ನು ಕರೆಸಿ ‘ವಿಚಾರಿಸ’ಬಾರದು. ಮಕ್ಕಳ ಸಹಾಯವಾಣಿ 1098. ಪೊಲೀಸು ಎಂದೊಡನೆ ಹೆದರುವ ಮನೆಯವರಿಗೆ ಇದನ್ನು ತಿಳಿಸಿ: ಹೇಳಿಕೆ ತೆಗೆದುಕೊಳ್ಳುವವರು ಸಮವಸ್ತ್ರದಲ್ಲಿ ಇರುವಂತಿಲ್ಲ, ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲೇ ಹೇಳಿಕೆ ಪಡೆಯಬೇಕು, ಆದಷ್ಟೂ ಮಹಿಳಾ ಅಧಿಕಾರಿಯೇ ಆಗಿರಬೇಕು, ರಾತ್ರಿ ಠಾಣೆಯಲ್ಲಿ ಮಗುವನ್ನು ಇರಿಸುವಂತಿಲ್ಲ. ಸರ್ಕಾರದ ಪುಸ್ತಕ ಈ ವಿಷಯ ಮುಟ್ಟುತ್ತದೆ, ಆದರೆ ಶಿಕ್ಷಕರ ಮೇಜಿನ ಮೇಲೆ ಅಂಟಿಸುವಂಥ ಒಂದು ಪುಟ ಬೇಕು. ಅದನ್ನು ಶಾಲೆಯೇ ಮಾಡಿಕೊಳ್ಳಬೇಕು.

ಮೊಬೈಲಿನ ಪಾಠದಲ್ಲೂ ಇಂಥದೇ ಒಂದು ಕೊರತೆ. ‘ಅಪರಿಚಿತರನ್ನು ಬ್ಲಾಕ್ ಮಾಡಿ’ ಎಂಬಲ್ಲಿಗೆ ಬುದ್ಧಿಮಾತು ನಿಲ್ಲುತ್ತದೆ. ಫೋಟೊ ಕಳಿಸೆಂದು ಪೀಡಿಸುವವರನ್ನು ತಕ್ಷಣ ಬ್ಲಾಕ್ ಮಾಡಿ ಚಾಟ್ ಅಳಿಸಿದರೆ ಪುರಾವೆಯೇ ಹೋಯಿತು. ಮೊದಲು ಮಾತಿನ, ಪ್ರೊಫೈಲಿನ ಹೆಸರಿನ, ನಂಬರಿನ ಸ್ಕ್ರೀನ್‌ಶಾಟ್, ಆಮೇಲೆ ದೊಡ್ಡವರಿಗೆ ತಿಳಿಸುವುದು, ಆಮೇಲೆ ಬ್ಲಾಕು. ಮಕ್ಕಳ ನಗ್ನಚಿತ್ರವಿದ್ದರೆ ಅದನ್ನು ‘ತೋರಿಸಲು’ ಕೂಡ ಯಾರಿಗೂ ಫಾರ್ವರ್ಡ್ ಮಾಡಬಾರದು, ಅದೇ ಅಪರಾಧ. ಶಿಕ್ಷಕರ ವಾಟ್ಸಾಪ್ ಗುಂಪಿಗೂ ಈ ಮಾತು ಅನ್ವಯ.

ಮುಟ್ಟಿನ ಪಾಠ, ಹುಡುಗರ ಎದುರಿಗೆ

ಮೊದಲ ಅರ್ಧ ಹುಡುಗಿಯರಿಗೂ ಹುಡುಗರಿಗೂ ಬೇರೆ ಬೇರೆ ಕೋಣೆಯಲ್ಲಿ, ಎರಡನೆಯ ಅರ್ಧ ಒಟ್ಟಿಗೆ. ಪೂರ್ತಿ ಬೇರೆಯಾದರೆ ಗುಟ್ಟು ಉಳಿಯುತ್ತದೆ. ಪೂರ್ತಿ ಒಟ್ಟಾದರೆ ಹುಡುಗಿಯರು ತಲೆ ಎತ್ತುವುದಿಲ್ಲ. ಒಂದು ಪ್ಯಾಡನ್ನು ಕತ್ತರಿಯಲ್ಲಿ ಸೀಳಿ ಪದರ ತೋರಿಸಿ: ಮೇಲಿನ ಹಾಳೆ, ಹತ್ತಿಯಂಥ ತಿರುಳು, ಕೆಲವದರಲ್ಲಿ ನೀರು ತಾಗಿದರೆ ಉಬ್ಬುವ ಜೆಲ್ಲಿನ ಪುಡಿ, ಅಡಿಯಲ್ಲಿ ಪ್ಲಾಸ್ಟಿಕ್. ಜಾಹೀರಾತಿನ ಹಾಗೆ ಲೋಟಗಟ್ಟಲೆ ನೀಲಿ ನೀರು ಬೇಡ. ಒಂದು ಮುಟ್ಟಿನಲ್ಲಿ ಒಟ್ಟು ಹೋಗುವುದು ಸುಮಾರು 30ರಿಂದ 80 ಮಿಲಿಲೀಟರು. 15 ಮಿಲಿಯ ದೊಡ್ಡ ಚಮಚೆಯಲ್ಲಿ ಎರಡರಿಂದ ಐದು ಚಮಚೆ ಕೆಂಪು ನೀರನ್ನು ಗಾಜಿನ ಲೋಟಕ್ಕೆ ಹಾಕಿ ತೋರಿಸಿದರೆ ‘ಮೈಯ ರಕ್ತವೆಲ್ಲ ಹೋಗುತ್ತದೆ’ ಎಂಬ ಹೆದರಿಕೆ ಅಲ್ಲಿಗೇ ಮುಗಿಯುತ್ತದೆ. ಪ್ಯಾಡು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಶಾಲೆ ಆರು ಗಂಟೆಯದು, ಹಾಗಾದರೆ ಶಾಲೆಯ ಶೌಚಾಲಯದಲ್ಲಿ ಚಿಲಕ, ನೀರು, ಮುಚ್ಚಳದ ಡಬ್ಬ ಇವೆಯೇ? ಪಾಠಕ್ಕೆ ಮುಂಚೆ ಮುಖ್ಯೋಪಾಧ್ಯಾಯರು ಇದನ್ನು ನೋಡಿ ಬರಬೇಕು, ಇಲ್ಲದಿದ್ದರೆ ಪಾಠ ಹಾಸ್ಯವಾಗುತ್ತದೆ. ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಡಬ್ಬಕ್ಕೆ. ಪ್ಯಾನಿಗೆ ಹಾಕಿದರೆ ಜೆಲ್ ಉಬ್ಬಿ ಪೈಪು ಕಟ್ಟುತ್ತದೆ.

ಇದರ ಜೊತೆಗೆ ಬರುವುದು ರಕ್ತಹೀನತೆ. ಹದಿಹರೆಯದವರಿಗೆ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ. ಖಾಲಿ ಹೊಟ್ಟೆಗೆ ನುಂಗಿಸಿದರೆ ನಾಲ್ಕು ಮಕ್ಕಳಿಗೆ ವಾಕರಿಕೆ ಬರುತ್ತದೆ, ಮಧ್ಯಾಹ್ನದೊಳಗೆ ‘ಮಾತ್ರೆಯಲ್ಲಿ ವಿಷ’ ಎಂಬ ಸುದ್ದಿ ವಸತಿಯೆಲ್ಲ ಹಬ್ಬುತ್ತದೆ. ಊಟವಾದ ಮೇಲೆ ಕೊಡಿ, ಮಲ ಕಪ್ಪಾಗುವುದು ಸಹಜ ಎಂದು ಮೊದಲೇ ಹೇಳಿ, ಮಾತ್ರೆಯ ಹಿಂದೆಯೇ ಚಹಾ ಬೇಡ. ಊಟದ ಮಾತು ಬಂದಾಗ ನುಗ್ಗೆ ಸೊಪ್ಪು, ಹುರುಳಿ, ಮೇಲೆ ಲಿಂಬೆಹುಳಿ ಎನ್ನಿ. ಪುಸ್ತಕದ ಪಟ್ಟಿಗಿಂತ ನಮ್ಮ ಅಡುಗೆಮನೆಯೇ ಹತ್ತಿರ.

ಪಾಲಕರ ಒಪ್ಪಿಗೆಯ ವಿಷಯದಲ್ಲಿ ಬಹಳ ಶಾಲೆಗಳು ಅಡಗಿ ಕೂರುತ್ತವೆ. ಹೇಳದೆ ಶುರುಮಾಡಿದರೆ ಮಗುವಿನ ಬಾಯಿಂದ ಅರ್ಧಂಬರ್ಧ ಕೇಳಿ ಗಲಾಟೆಯಾಗುತ್ತದೆ. ಪಾಲಕ-ಶಿಕ್ಷಕ ಸಂಘದ ಸಭೆಯಲ್ಲಿ 12 ಪಾಠಗಳ ಪಟ್ಟಿಯನ್ನು ಕನ್ನಡದಲ್ಲಿ ಓದಿ ಹೇಳಿ, ಪದಪಟ್ಟಿ ತೋರಿಸಿ. ಹೋಟೆಲಿನಲ್ಲಿ ದುಡಿಯುವ ಅಪ್ಪಂದಿರಿಗೆ ಬಿಡುವು ಸಿಗುವುದು ಮಧ್ಯಾಹ್ನ ಮೂರರಿಂದ ಐದು; ಸಂಜೆ ಆರಕ್ಕೆ ಸಭೆ ಕರೆದು ‘ಯಾರೂ ಬರಲಿಲ್ಲ’ ಎನ್ನಬಾರದು. ‘ನಮ್ಮ ಸಂಸ್ಕೃತಿಗೆ ಇದು ಸಲ್ಲದು’ ಎಂದವರಿಗೆ, ಇಂಥ ಶಿಕ್ಷಣ ಬೇಕೆಂದು 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದ್ದನ್ನು ತಿಳಿಸಬಹುದು. ಆದರೆ ತಾಯಂದಿರ ಮನಸ್ಸು ಒಲಿಯುವುದು ಕೋರ್ಟಿನ ಮಾತಿಗಲ್ಲ, 1098ರ ಮಾತಿಗೆ.

ಅಂಕ ಕೊಡಲೇಬೇಕೆಂದರೆ ಹೀಗೆ: ಡಾಕ್ಟರ ಉಪನ್ಯಾಸಕ್ಕೆ 5ಕ್ಕೆ 1, ಪ್ಯಾಡ್ ಕಂಪನಿಗೆ 2, ಖಾಸಗಿ ಪ್ಯಾಕೇಜಿಗೆ ಶಿಕ್ಷಕರು ಒಳಗಿದ್ದರೆ 3, ಇಲ್ಲದಿದ್ದರೆ 2. ಸರ್ಕಾರದ ಪುಸ್ತಕಕ್ಕೆ ಇದ್ದ ಹಾಗೆ 3, ಕ್ರಮ ಬದಲಿಸಿ ಪೆಟ್ಟಿಗೆ ಸೇರಿಸಿದರೆ 4. ಐದನೆಯದು ಕೊಡದಿರಲು ಕಾರಣ, ಇಬ್ಬರಲ್ಲಿ ಒಬ್ಬ ಶಿಕ್ಷಕರು ಚುನಾವಣಾ ಕೆಲಸಕ್ಕೋ ಬೇರೆ ಶಾಲೆಗೋ ಹೋದರೆ ಅಲ್ಲಿಗೆ ಪಾಠ ನಿಲ್ಲುತ್ತದೆ. ಮೂರನೆಯವರನ್ನು ತಯಾರು ಮಾಡುವ ಮಾತು ಎಲ್ಲೂ ಇಲ್ಲ.

ಪಾಠದಿಂದ ಆಚೆ ಕಳಿಸಬೇಕಾದ ಮಕ್ಕಳಿಗೆ ಎರಡು ಜಾಗ. ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 10ರಿಂದ 19 ವರ್ಷದವರಿಗೆಂದೇ ಮಾಡಿರುವ ಆಪ್ತಸಲಹಾ ಕೇಂದ್ರಗಳನ್ನು ಮಹಾರಾಷ್ಟ್ರದಲ್ಲಿ ‘ಮೈತ್ರಿ’ ಎನ್ನುತ್ತಾರೆ. ಕರ್ನಾಟಕದಲ್ಲಿ ಅದೇ ‘ಸ್ನೇಹ’. ಊರಿನಿಂದ ಬಂದ ಮಕ್ಕಳಿಗೆ ಆ ಹೆಸರೇ ಗೊತ್ತಿರಬಹುದು, ಎರಡೂ ಒಂದೇ ಎಂದು ಹೇಳಿ. ಮನಸ್ಸಿಗೆ ಸಂಬಂಧಿಸಿದ್ದಕ್ಕೆ ಟೆಲಿ ಮಾನಸ್ 14416, ಹಗಲು ರಾತ್ರಿ, ಪುಕ್ಕಟೆ. ಕರೆ ಹತ್ತಿದ ಕೂಡಲೇ ಭಾಷೆ ಆರಿಸಲು ಹೇಳುತ್ತದೆ. ಕನ್ನಡ ಬರುವವರೆಗೆ ಕಾಯಬೇಕು, ಮೊದಲ ಭಾಷೆ ಕೇಳಿ ಫೋನಿಡಬಾರದು. ಇದನ್ನು ತರಗತಿಯಲ್ಲಿ ಸ್ಪೀಕರಿಗೆ ಹಾಕಿ ಒಮ್ಮೆ ಮಾಡಿಯೇ ತೋರಿಸಿ, ಭಾಷೆ ಆರಿಸುವಲ್ಲಿಯವರೆಗೆ ಮಾತ್ರ.